ಲೈಟ್ ಹಾಕೋಕೆ ಮುಂಚೆ ಕಣ್ಣು ಒರೆಸಿಕೊಳ್ಳಿ

ಆಪರೇಟರ್ ಅಂಕಲ್ ಉತ್ತರ – ಹಾಸನದಿಂದ

ಹಿಂದಿನ ಸಂಚಿಕೆಯಲ್ಲಿ ಹೊಳೆನರಸೀಪುರದ ಓದುಗರೊಬ್ಬರು "ಗಂಡಸರನ್ನೂ ಅಳಿಸೋ ಸಿನಿಮಾ ಅಂತ ಇದೆಯಾ?" ಎಂದು ಕೇಳಿದ್ದರು. "ಇದೆ, ಆದರೆ ಅತ್ತವರು ಒಪ್ಪಿಕೊಳ್ಳುವುದಿಲ್ಲ" ಎಂದು ಒಂದೇ ಸಾಲು ಬರೆದು ಸುಮ್ಮನಾಗಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ನೋಡಿ ಸಂಪಾದಕರು ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ ಎಂದಿದ್ದಾರೆ. ನೋಡಿದರೆ ಒಪ್ಪಿಕೊಂಡವರೇ ಜಾಸ್ತಿ! ಹೊಸ ಓದುಗರಿಗೆ ಒಂದು ಮಾತು: ನಾನು ಹಾಸನದ ಟಾಕೀಸೊಂದರಲ್ಲಿ ರೀಲಿನ ಕಾಲದಿಂದ ಪ್ರೊಜೆಕ್ಟರ್ ಓಡಿಸಿದವನು. ಆಪರೇಟರ್ ರೂಮಿನ ಚಿಕ್ಕ ಗಾಜಿನ ಕಿಂಡಿಯಿಂದ ಪರದೆಯೂ ಕಾಣುತ್ತಿತ್ತು, ಜನರ ತಲೆಗಳೂ ಕಾಣುತ್ತಿದ್ದವು. ಅದೇ ನನ್ನ ವಿದ್ಯೆ, ಬೇರೆ ಡಿಗ್ರಿ ಇಲ್ಲ.

*

ನಮ್ಮೆಜಮಾನ್ರು ರೈಲ್ವೆಯಲ್ಲಿದ್ದಾರೆ. ಮಾವ ತೀರಿಕೊಂಡಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮೊನ್ನೆ ಟೀವಿಯಲ್ಲಿ '777 ಚಾರ್ಲಿ' ನೋಡ್ತಾ ನೋಡ್ತಾ ಎದ್ದು ಬಚ್ಚಲುಮನೆಗೆ ಹೋದೋರು ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಈಚೆಗೇ ಬರಲಿಲ್ಲ. ಹೆತ್ತ ಅಪ್ಪನಿಗೆ ಅಳದವರು ನಾಯಿಗೆ ಅಳ್ತಾರಾ ಅಂಕಲ್?
– ಹೆಸರು ಬೇಡ, ಅರಸೀಕೆರೆ

ಅಮ್ಮಾ, ನಿಮ್ಮ ಮಾವ ಹೋದ ದಿನ ನಿಮ್ಮ ಯಜಮಾನರು ಏನೇನು ಮಾಡಿದರು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಯಾರ್ಯಾರಿಗೆ ಫೋನು ಹೋಗಬೇಕು, ಬೆಂಗಳೂರಿಂದ ಬರುವ ತಂಗಿಗೆ ಎಷ್ಟು ಹೊತ್ತು ಕಾಯಬೇಕು, ಸೌದೆ ಎಲ್ಲಿಂದ, ಶಾಮಿಯಾನ ಯಾರದು, ಬಂದವರಿಗೆ ಕಾಫಿ ಆಯ್ತಾ, ತಿಥಿ ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಯ್ತಾ. ಸಾವಿನ ಮನೆಯಲ್ಲಿ ಹೆಂಗಸರಿಗೆ ಕೂತು ಅಳುವುದಕ್ಕೆ ಜಾಗ ಮಾಡಿಕೊಡುತ್ತಾರೆ, ಗಂಡುಮಕ್ಕಳ ಕೈಗೆ ಕೆಲಸದ ಪಟ್ಟಿ ಕೊಡುತ್ತಾರೆ. ಪಟ್ಟಿ ಮುಗಿಯೋ ಹೊತ್ತಿಗೆ ನೆಂಟರೆಲ್ಲ ಹೊರಟಿರುತ್ತಾರೆ, ಮಾರನೇ ದಿನ ಡ್ಯೂಟಿ ಇರುತ್ತದೆ. ಆಮೇಲೆ ಅಳುವುದಕ್ಕೆ ಸಂದರ್ಭವೇ ಸಿಗುವುದಿಲ್ಲ. ಸುಮ್ನೆ ಕೂತು ಅತ್ತರೆ "ಏನಾಯ್ತು?" ಅಂತ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಸಿನಿಮಾ ನೋಡ್ತಾ ಅತ್ತರೆ ಯಾರೂ ಕೇಳುವುದಿಲ್ಲ.

ಅದರಲ್ಲೂ ಆ ಸಿನಿಮಾ! 2022ರ ಜೂನ್‌ನಲ್ಲಿ ಬಂತು. ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ಹೀರೋ. ಕಾರ್ಖಾನೆ, ಮನೆ, ಸಿಗರೇಟು, ಟೀವಿಯಲ್ಲಿ ಚಾಪ್ಲಿನ್, ಇಷ್ಟೇ ಲೋಕ ಅನ್ನೋ ಒಬ್ಬ ಒಂಟಿ ಮನುಷ್ಯ. ಚಿಕ್ಕವನಿದ್ದಾಗಲೇ ಮನೆಯವರನ್ನೆಲ್ಲ ಕಳೆದುಕೊಂಡವನು. ಅವನು ಯಾರ ಹತ್ತಿರವೂ ಅಳುವುದಿಲ್ಲ, ಎಲ್ಲರ ಮೇಲೂ ರೇಗುತ್ತಾನೆ. ಆಮೇಲೆ ಒಂದು ಲ್ಯಾಬ್ರಡಾರ್ ನಾಯಿ ಬಂದು ಅವನ ಮನೆಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ಅದಕ್ಕೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಹಿಮ ತೋರಿಸಲಿಕ್ಕೆ ಉತ್ತರದವರೆಗೂ ಕರೆದುಕೊಂಡು ಹೋಗುತ್ತಾನೆ. ನಾಯಿ ಯಾರನ್ನೂ "ಯಾಕೆ ಅಳ್ತೀಯ" ಅಂತ ಕೇಳುವುದಿಲ್ಲ ನೋಡಿ, ಅದಕ್ಕೇ ಅದರ ಮುಂದೆ ಗಂಡಸರ ಕಟ್ಟೆ ಒಡೆಯುತ್ತದೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೇ ಸಿನಿಮಾ ಮುಗಿಸಿ ಹೊರಗೆ ಬಂದು, ತಮ್ಮ ಮನೆಯ ತೀರಿಹೋದ ನಾಯಿಯನ್ನು ನೆನೆದು ಕ್ಯಾಮೆರಾಗಳ ಮುಂದೆಯೇ ಕಣ್ಣೊರೆಸಿಕೊಂಡರು. ನಿಮ್ಮ ಯಜಮಾನರು ಪಾಪ ನಲ್ಲಿಯನ್ನಾದರೂ ಅಡ್ಡ ಇಟ್ಟುಕೊಂಡಿದ್ದರು.

ಅವರು ನಾಯಿಗೇ ಅತ್ತಿರಬಹುದು. ನಾಯಿಗೆ ಅಂತ ಶುರುವಾಗಿ ಅಪ್ಪನ ಹತ್ತಿರ ಹೋಗಿ ನಿಂತಿರಲೂಬಹುದು. ಅದನ್ನು ಕೆದಕಬೇಡಿ. "ಆವತ್ತು ಬಚ್ಚಲಲ್ಲಿ ಅತ್ತಿರಲ್ವಾ" ಅಂತ ನಾದಿನಿ ಮುಂದೆ ಹೇಳಿ ನಗಬೇಡಿ, ಇದು ಮುಖ್ಯ. ಒಂದಿನ ಊಟಕ್ಕೆ ಕೂತಾಗ ಮಾವನ ವಿಷಯ ನೀವಾಗೇ ತೆಗೆಯಿರಿ. ಅವರು ತಿಂಡಿ ಹೇಗೆ ತಿನ್ನುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಇಂಥದ್ದು. ಮಾತು ಬಂದರೆ ಬರಲಿ, ಬರದಿದ್ದರೆ ಇನ್ನೊಂದು ಚಪಾತಿ ಹಾಕಿ.

*

ಸಾರ್, ಮಲೆನಾಡು ಕಾಲೇಜ್ ಹುಡುಗರು ನಾವು. ಗಂಡಸರು ಅಳೋ ಟಾಪ್ 10 ಕನ್ನಡ ಸಿನಿಮಾ ಪಟ್ಟಿ ಕೊಡಿ, ಹಾಸ್ಟೆಲಲ್ಲಿ ಬೆಟ್ ಕಟ್ಟಿದೀವಿ.
– ಗೆಳೆಯರ ಗುಂಪು, ಹಾಸನ

ಬೆಟ್ಟಿಂಗಿಗೆ ನಾನು ಪಟ್ಟಿ ಕೊಡುವುದಿಲ್ಲ. ಆದರೆ ಕಿಂಡಿಯಿಂದ ಕಂಡದ್ದು ಹೇಳುತ್ತೇನೆ, ನಂಬರ್ ನೀವೇ ಹಾಕಿಕೊಳ್ಳಿ.

ಹೀರೋ ಸತ್ತರೆ ಗಂಡಸರು ಅಳುತ್ತಾರೆ ಅಂತ ಹೊಸ ಡೈರೆಕ್ಟರುಗಳು ತಿಳಿದುಕೊಂಡಿದ್ದಾರೆ. ಎಷ್ಟೋ ಹೀರೋಗಳು ಕೊನೇ ರೀಲಿನಲ್ಲಿ ಗುಂಡೇಟು ತಿಂದು ಐದು ನಿಮಿಷ ಡೈಲಾಗ್ ಹೊಡೆದು ಸತ್ತಿದ್ದಾರೆ, ಗಾಂಧಿ ಕ್ಲಾಸಿನವರು ಆಗಲೇ ಎದ್ದು ಬೀಡಿ ಹಚ್ಚಲು ಹೊರಟಿರುತ್ತಿದ್ದರು. ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಗಂಡಸರು ಅಳುವುದು ಬೇರೆ ಥರದವನಿಗೆ. ಎಲ್ಲ ಮಾಡಿ, ಏನೂ ಕೇಳದೆ, ಒಂದು ಮಾತೂ ಆಡದೆ ಎದ್ದು ಹೋಗುವವನಿಗೆ.

'ಬಂಗಾರದ ಮನುಷ್ಯ' ತಗೊಳ್ಳಿ. 1972ರ ಸಿದ್ದಲಿಂಗಯ್ಯನವರ ಸಿನಿಮಾ, ಟಿ.ಕೆ. ರಾಮರಾಯರ ಕಾದಂಬರಿ. ಅಕ್ಕನ ಸಂಸಾರ ಎತ್ತಿ ನಿಲ್ಲಿಸಲು ಹಳ್ಳಿಗೆ ಬಂದು ಬಂಡೆ ಒಡೆದು ಬೇಸಾಯ ಮಾಡಿದ ರಾಜೀವ. ಕೈ ಹಿಡಿದ ಲಕ್ಷ್ಮಿಯೂ ಹೋಗುತ್ತಾಳೆ. ಆಗ ಅಳುವವರು ಅಳುತ್ತಾರೆ, ಅದು ಮಾಮೂಲು. ಆದರೆ ಅಕ್ಕನ ಮಗನ ಬಾಯಲ್ಲಿ ಆಸ್ತಿ ಮಾತು ಬಂದ ಮೇಲೆ ರಾಜೀವ ಮನೆ ಬಿಟ್ಟು ನಡೆಯುತ್ತಾನಲ್ಲ, ಅಲ್ಲಿ ಇಡೀ ಹಾಲ್ ತಣ್ಣಗಾಗುತ್ತಿತ್ತು. ಅದು ಎಷ್ಟನೇ ಸಲವೋ ಮರುಬಿಡುಗಡೆಯಾಗಿ ನಮ್ಮಲ್ಲಿಗೆ ಬಂದಾಗಲೂ ಅಷ್ಟೇ. ಪ್ರಿಂಟು ಸವೆದು ಪರದೆ ತುಂಬ ಮಳೆ ಸುರಿದ ಹಾಗೆ ಗೀಚು ಬಿದ್ದಿರುತ್ತಿತ್ತು, ಜನಕ್ಕೆ ಅದರ ಪರಿವೆಯೇ ಇಲ್ಲ. ತೋಟ, ಗದ್ದೆ, ಅಣ್ಣತಮ್ಮಂದಿರ ಪಾಲು ಅಂತ ಬದುಕುವ ಜಿಲ್ಲೆ ನಮ್ಮದು. ಹಾಲಿನಲ್ಲಿ ಕೂತ ಹತ್ತರಲ್ಲಿ ನಾಲ್ಕು ಜನಕ್ಕಾದರೂ "ನೀನೇನು ಮಾಡಿದೀಯ ಈ ಮನೆಗೆ?" ಅನ್ನೋ ಮಾತು ಕಿವಿಗೆ ಬಿದ್ದಿರುತ್ತದೆ. ಅವರು ಆವತ್ತು ತಿರುಗಿ ಬೈದಿರುತ್ತಾರೆ, ಇಲ್ಲ ನುಂಗಿಕೊಂಡಿರುತ್ತಾರೆ. ರಾಜೀವನ ಹಾಗೆ ನಡೆದುಬಿಡಲು ಯಾರಿಂದಲೂ ಆಗಿರುವುದಿಲ್ಲ.

ಅದಕ್ಕೂ ಒಂದು ವರ್ಷ ಮೊದಲು, 1971ರಲ್ಲಿ 'ಕಸ್ತೂರಿ ನಿವಾಸ' ಬಂದಿತ್ತು. ದೊರೆ-ಭಗವಾನ್ ಜೋಡಿಯದು. ಕೊಟ್ಟು ಕೊಟ್ಟು ಬರಿಗೈಯಾದ ಬೆಂಕಿಪೊಟ್ಟಣದ ಕಾರ್ಖಾನೆ ಯಜಮಾನ. ಕೊನೆಗೆ ಅವನ ಹತ್ತಿರ ಉಳಿದದ್ದು ಒಂದು ಪಾರಿವಾಳ. ಮನೆಗೆ ಬಂದವಳಿಗೆ ಊಟ ಹಾಕಲಿಕ್ಕೆ ಅದನ್ನೂ ಕಳೆದುಕೊಂಡಿರುತ್ತಾನೆ, ಅವಳು ಬಂದದ್ದೇ ಆ ಪಾರಿವಾಳ ಕೇಳಲಿಕ್ಕೆ. ಆ ಗಳಿಗೆಯ ರಾಜಕುಮಾರ್ ಮುಖ ನೋಡಿ, ಆಮೇಲೆ ಬೆಟ್ ಕಟ್ಟಿ. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮಕ್ಕಳು ಪರದೆ ನೋಡುತ್ತಿದ್ದರೋ ಅಪ್ಪನ ಮುಖ ನೋಡುತ್ತಿದ್ದರೋ, ನನಗಂತೂ ಅನುಮಾನ.

1984ರ 'ಬಂಧನ'ದ ಡಾಕ್ಟರ್ ಹರೀಶನೂ ಇದೇ ಮನೆತನದವನು. ಪ್ರೀತಿಸಿದವಳು ಇನ್ನೊಬ್ಬನನ್ನು ಮದುವೆಯಾದ ಮೇಲೂ ಅವಳಿಗೆ ಒಳ್ಳೆಯದನ್ನೇ ಬಯಸುತ್ತಾನೆ. ವಿಷ್ಣುವರ್ಧನ್‌ಗೆ 'ಸಾಹಸಸಿಂಹ' ಅಂತ ಹೆಸರು, ಫೈಟಿಗೆ ಬಂದ ಹುಡುಗರು ಹನಿಗಣ್ಣಾಗಿ ಹೋದರು. ನಿಮ್ಮ ಕಾಲಕ್ಕೆ ಬಂದರೆ 'ಮುಂಗಾರು ಮಳೆ'. 2006ರ ಡಿಸೆಂಬರ್ ಕೊನೆಗೆ ಬಿಡುಗಡೆ. ಪಕ್ಕದ ಸಕಲೇಶಪುರದಲ್ಲೂ ಮಡಿಕೇರಿಯಲ್ಲೂ ಶೂಟಿಂಗ್ ಆದದ್ದು. ಹುಡುಗಿಯೇ ಒಪ್ಪಿ ಬರುತ್ತೇನೆ ಅಂದರೂ ಪ್ರೀತಂ ಬಿಟ್ಟು ಹೊರಡುತ್ತಾನೆ, ಜೊತೆಗಿದ್ದ ದೇವದಾಸ ಅನ್ನೋ ಮೊಲವೂ ಸಾಯುತ್ತದೆ. ನೂರು ಸಲ ನಗಿಸಿ ಕೊನೆಗೆ ಮೊಲದ ಹತ್ತಿರ ಕೆಡವಿದರು ಯೋಗರಾಜ ಭಟ್ಟರು. ಕಾಲೇಜು ಹುಡುಗರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸೆಕೆಂಡ್ ಶೋಯಿಂದ ಹೊರಗೆ ಹೋಗುತ್ತಿದ್ದರು. ರಾತ್ರಿ ಹನ್ನೆರಡೂವರೆಗೆ ಯಾವ ಬಿಸಿಲಪ್ಪಾ?

'ಜೋಗಿ' ಮಾತ್ರ ಈ ಸಾಲಿಗೆ ಸೇರುವುದಿಲ್ಲ, ಅದರ ಪೆಟ್ಟೇ ಬೇರೆ. 2005ರದ್ದು, ಪ್ರೇಮ್ ನಿರ್ದೇಶನ. ಮಗನನ್ನು ಹುಡುಕಿಕೊಂಡು ಬಂದ ತಾಯಿ, ಆ ತಾಯಿಯದೇ ಶವಯಾತ್ರೆ ಅಂತ ಗೊತ್ತಿಲ್ಲದೆ ಅದರ ಮುಂದೆ ಕುಣಿಯುವ ಮಗ. ಊರು ಬಿಟ್ಟು ಬೆಂಗಳೂರಿಗೆ ದುಡಿಯಲು ಹೋಗಿ, ತಿಂಗಳುಗಟ್ಟಲೆ ಅಮ್ಮನಿಗೆ ಫೋನು ಮಾಡದ ಹುಡುಗರಿಗೆ ಆ ದೃಶ್ಯ ಸಿನಿಮಾ ಅನ್ನಿಸಲಿಲ್ಲ.

ಒಂದು ಮಾತು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ ಹುಡುಗರೇ. ಎಲ್ಲ ನುಂಗಿಕೊಂಡು ಎದ್ದು ಹೋಗುವವನೇ ದೊಡ್ಡ ಮನುಷ್ಯ ಅಂತ ಈ ಸಿನಿಮಾಗಳು ನಮ್ಮ ತಲೆಮಾರಿಗೆ ಹೇಳಿಕೊಟ್ಟವು. ಪರದೆ ಮೇಲೆ ಅದು ಚೆಂದ. ಮನೆಯಲ್ಲಿ ಹಾಗೆ ಮಾಡಿದರೆ ಹಿಂದೆ ಉಳಿದವರಿಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ರಾಜೀವ ಒಂದು ನಿಮಿಷ ನಿಂತು ಆ ಹುಡುಗನಿಗೆ ಲೆಕ್ಕದ ಪುಸ್ತಕ ತೋರಿಸಿದ್ದರೆ ಸಿನಿಮಾ ಕೆಡುತ್ತಿತ್ತು, ಸಂಸಾರ ಉಳಿಯುತ್ತಿತ್ತು.

*

ಸಿನಿಮಾ ನೋಡಿ ಅತ್ತಾಗ ಮೂಗಲ್ಲೂ ನೀರು ಯಾಕೆ ಬರುತ್ತೆ? ಗಂಟಲು ಯಾಕೆ ಕಟ್ಟುತ್ತೆ? ಈರುಳ್ಳಿ ಕಣ್ಣೀರು, ಸಿನಿಮಾ ಕಣ್ಣೀರು ಎರಡೂ ಒಂದೇನಾ?
– 9ನೇ ತರಗತಿ ವಿದ್ಯಾರ್ಥಿ, ಬೇಲೂರು

ಭೇಷ್! ಕನ್ನಡಿ ಮುಂದೆ ನಿಂತು ಕಣ್ಣಿನ ಮೂಗಿನ ಕಡೆಯ ಮೂಲೆ ನೋಡು, ರೆಪ್ಪೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಕಣ್ಣೀರು ಅಲ್ಲಿಂದ ಒಂದು ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಜಾಸ್ತಿಯಾದದ್ದು ಕೆನ್ನೆಗೆ. ಅದಕ್ಕೇ ದೊಡ್ಡವರು ಅಳು ಮುಚ್ಚಿಕೊಳ್ಳಲು "ಶೀತ ಆಗಿದೆ" ಅನ್ನುತ್ತಾರೆ, ಪೂರ್ತಿ ಸುಳ್ಳೇನಲ್ಲ. ಅಳು ಬಂದಾಗ ಉಸಿರು ಜಾಸ್ತಿ ಬೇಕು ಅಂತ ಗಂಟಲಿನ ಬಾಗಿಲು ಅಗಲವಾಗಿ ತೆರೆದುಕೊಳ್ಳುತ್ತದೆ. ನಾವು ಉಗುಳು ನುಂಗಲು ಹೋದರೆ ಅದೇ ಬಾಗಿಲು ಮುಚ್ಚಬೇಕು. ಆ ಎಳೆದಾಟವೇ ಗಂಟಲು ಕಟ್ಟುವುದು.

ಇನ್ನು ಈರುಳ್ಳಿ. 1980ರ ದಶಕದಲ್ಲಿ ಅಮೆರಿಕದ ವಿಲಿಯಂ ಫ್ರೇ ಎಂಬ ವಿಜ್ಞಾನಿ ಜನರಿಗೆ ಅಳುವ ಸಿನಿಮಾ ತೋರಿಸಿ ಕಣ್ಣೀರು ಹಿಡಿದಿಟ್ಟ, ಈರುಳ್ಳಿ ಕೊಟ್ಟೂ ಹಿಡಿದಿಟ್ಟ. ಎರಡನ್ನೂ ಪರೀಕ್ಷೆ ಮಾಡಿದರೆ ಸಿನಿಮಾ ಕಣ್ಣೀರಿನಲ್ಲಿ ಪ್ರೋಟೀನ್ ಜಾಸ್ತಿ ಇತ್ತು. ಹಾಗಂತ ಅಮ್ಮ ಈರುಳ್ಳಿ ಹೆಚ್ಚು ಅಂದರೆ ತಪ್ಪಿಸಿಕೊಳ್ಳಬೇಡ.

*

ಗಂಡಸರು ಅಳುವುದು ಈಗಿನ ಫ್ಯಾಷನ್. ನಮ್ಮ ಕಾಲದಲ್ಲಿ ಇಂಥ ಹೆಣ್ಣಿಗತನ ಇರಲಿಲ್ಲ. "ಅಳೋ ಗಂಡಸನ್ನ ನಂಬಬೇಡ" ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಇದಕ್ಕೆ ಒಂದು ಪತ್ರಿಕೆ ಪುಟ ದಂಡ.
– ನಿವೃತ್ತ ಉಪಾಧ್ಯಾಯರು, ಬಾಣಾವರ

ಮೇಷ್ಟ್ರೇ, ನಮಸ್ಕಾರ. ಆ ಗಾದೆಯ ಇನ್ನರ್ಧ "ನಗೋ ಹೆಂಗಸನ್ನ ನಂಬಬೇಡ" ಅಂತ ಇದೆ. ಅದನ್ನು ಬಿಟ್ಟು ಬರೆದಿದ್ದೀರಿ, ಮನೆಯಲ್ಲಿ ಓದುತ್ತಾರೆ ಅಂತ ತಾನೇ?

ನಿಮ್ಮ ಕಾಲಕ್ಕೇ ಹೋಗೋಣ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' ಬಂತು. ಸ್ಮಶಾನ ಕಾಯುವ ರಾಜಕುಮಾರ್, ಮಗನ ಹೆಣ ಎತ್ತಿಕೊಂಡು ಬಂದ ಪಂಢರಿಬಾಯಿ. ತನ್ನ ಮಗನ ಹೆಣ ಸುಡಲಿಕ್ಕೆ ತನ್ನ ಹೆಂಡತಿಯ ಹತ್ತಿರವೇ ಸುಂಕ ಕೇಳಬೇಕು. ಆವತ್ತು ಟೆಂಟಿನಲ್ಲಿ ಹೆಂಗಸರ ಕಡೆಯಿಂದ ಮಾತ್ರ ಬಿಕ್ಕು ಕೇಳುತ್ತಿತ್ತು ಅಂತ ನೀವು ಆಣೆ ಮಾಡಿ ಹೇಳುತ್ತೀರಾ? ಸಿನಿಮಾ ಬರುವುದಕ್ಕೂ ಮುಂಚೆ ಇದೇ ಕತೆಯನ್ನು ಊರೂರಲ್ಲಿ ನಾಟಕ ಆಡುತ್ತಿದ್ದರು, ಬೆಳಗಿನ ಜಾವದವರೆಗೂ ಕಂಬಳಿ ಹೊದ್ದು ಕೂತ ಗೌಡರುಗಳು ಕಂಬಳಿ ತುದಿಯಲ್ಲೇ ಮುಖ ಒರೆಸಿಕೊಳ್ಳುತ್ತಿದ್ದರು. ಇನ್ನೂ ಹಿಂದೆ ಹೋದರೆ ರಾಮ. ಸೀತೆ ಕಾಣದೆ ಕಾಡಿನಲ್ಲಿ ಗಿಡಮರ ಹಿಡಿದುಕೊಂಡು ಕೇಳುತ್ತಾ ಅತ್ತವನು. ಅವನನ್ನು ನಾವು ಮನೆಮನೆಯಲ್ಲಿ ಪೂಜೆ ಮಾಡುತ್ತೇವೆ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳಲ್ಲಿ ಕಣ್ಣೀರನ್ನೂ ಸೇರಿಸಿದೆ, ಅದನ್ನು ಹೆಂಗಸರ ಲೆಕ್ಕಕ್ಕೆ ಬರೆದಿಲ್ಲ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು. ನೀವೇ ತರಗತಿಯಲ್ಲಿ ಗೋವಿನ ಹಾಡು ಹೇಳಿಕೊಟ್ಟಿರುತ್ತೀರಿ, ಪುಣ್ಯಕೋಟಿ ಕರುವಿಗೆ ಕೊನೇ ಸಲ ಹಾಲು ಕೊಡಲು ಬಂದಾಗ ಹಿಂದಿನ ಬೆಂಚಿನ ಪುಂಡರೂ ತಲೆ ಬಗ್ಗಿಸಿದ್ದನ್ನು ನೋಡಿರುತ್ತೀರಿ.

ಅದೇ ಫ್ರೇ ಲೆಕ್ಕದ ಪ್ರಕಾರ ಹೆಂಗಸರು ತಿಂಗಳಿಗೆ ಐದು ಸಲದ ಆಸುಪಾಸು ಅತ್ತರೆ ಗಂಡಸರು ಒಂದು ಸಲ ಮತ್ತೆ ಸ್ವಲ್ಪ. ಚಿಕ್ಕ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಇಲ್ಲ, ಮೀಸೆ ಬರುವ ವಯಸ್ಸಿನಿಂದ ಅದು ದೊಡ್ಡದಾಗುತ್ತಾ ಹೋಗುತ್ತದೆ. ಹಾರ್ಮೋನು ಒಂದು ಕಾರಣ ಅನ್ನುತ್ತಾರೆ. "ಹುಡುಗನಾಗಿ ಅಳ್ತೀಯೇನೋ" ಅಂತ ಬೆತ್ತ ಹಿಡಿದು ಕೇಳಿದವರೂ ಒಂದು ಕಾರಣ. ಯಾರನ್ನೂ ಬೊಟ್ಟು ಮಾಡಿ ತೋರಿಸುತ್ತಿಲ್ಲ ಮೇಷ್ಟ್ರೇ.

*

ಸಿನಿಮಾದಲ್ಲಿ ಹೀರೋ ಅಳೋಕೆ ಗ್ಲಿಸರಿನ್ ಬೇಕು. ನೋಡೋ ನಮಗೆ ಯಾಕೆ ಬೇಡ?
– ತರೀಕೆರೆ ಓದುಗ

ಅವರಿಗೆ ದುಡ್ಡು ಬಂದಿರುತ್ತದೆ, ನಮ್ಮದು ಹೋಗಿರುತ್ತದೆ.

*

ನಮ್ಮಣ್ಣ 'ತವರಿಗೆ ಬಾ ತಂಗಿ' ಟೀವಿಯಲ್ಲಿ ಬಂದಾಗಲೆಲ್ಲ ಟವೆಲ್ ಒದ್ದೆ ಮಾಡಿಕೊಂಡು ಅಳ್ತಾನೆ. ಆದ್ರೆ ಮೂರು ವರ್ಷದಿಂದ ಗೌರಿ ಹಬ್ಬಕ್ಕೆ ಬಾಗಿನ ಕಳಿಸಿಲ್ಲ, ಅಪ್ಪನ ಜಮೀನಲ್ಲಿ ನನ್ನ ಪಾಲಿನ ಮಾತೆತ್ತಿದರೆ ಫೋನ್ ಕಟ್ ಮಾಡ್ತಾನೆ. ಇದೆಂಥಾ ಅಳು?
– ನೊಂದ ತಂಗಿ, ಕಡೂರು

ಖರ್ಚಿಲ್ಲದ ಅಳು ತಾಯಿ.

ಓಂ ಸಾಯಿಪ್ರಕಾಶ್ ಅವರ ಸಿನಿಮಾಗಳು ಬಂದ ಕಾಲದಲ್ಲಿ, 2002ರ 'ತವರಿಗೆ ಬಾ ತಂಗಿ', 2005ರ 'ಅಣ್ಣ ತಂಗಿ' ಎರಡಕ್ಕೂ, ಹಳ್ಳಿಗಳಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಿದ್ದರು. ಅಣ್ಣಂದಿರು ಬಿಕ್ಕಿ ಬಿಕ್ಕಿ ಅತ್ತರು. ಪರದೆ ಮೇಲಿನ ತಂಗಿ ಅತ್ತೆಮನೆಯ ಕಷ್ಟ ನುಂಗುತ್ತಾಳೆ, ಅಣ್ಣನ ಹೆಸರು ಎತ್ತುತ್ತಾಳೆ, ಸರ್ವೆ ನಂಬರ್ ಎತ್ತುವುದಿಲ್ಲ. ಅಂಥ ತಂಗಿಗೆ ಅಳುವುದು ಸುಲಭ ಅಲ್ವಾ? ಕರ್ನಾಟಕದಲ್ಲಿ 1994ರಲ್ಲೇ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟರು, 2005ರಲ್ಲಿ ಇಡೀ ದೇಶಕ್ಕೆ ಆಯಿತು. ಆದರೆ ಅದರಲ್ಲಿ ಯಾವ ಹಾಡೂ ಇಲ್ಲವಲ್ಲ, ಯಾರಿಗೂ ಕಣ್ಣೀರು ಬರಲಿಲ್ಲ. ಮುಂದಿನ ಸಲ ಆ ಸಿನಿಮಾ ಬಂದಾಗ ನೀವು ತವರಿಗೇ ಹೋಗಿ ಪಕ್ಕದಲ್ಲಿ ಕೂತು ನೋಡಿ. ಜಾಹೀರಾತು ಬಂದಾಗ ಪಹಣಿ ತೆಗೆಯಿರಿ. ತಮಾಷೆಗೆ ಹೇಳಿದ್ದಲ್ಲ. ಆಗಲೂ ಬಗ್ಗದಿದ್ದರೆ ಒಳ್ಳೆ ವಕೀಲರನ್ನು ನೋಡಿ.

*

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದ್ರೆ ಆಳುಗಳ ಹಾಜರಿ ಬರೆಯೋನು. ಸಾಯೋ ಸೀನಿಗೆ ನನಗೆ ಅಳು ಬರೋದಿಲ್ಲ. ಜಗಳವಾಡಿದವರು ಒಂದಾದರೆ, ಯಾರೋ ಬಡವ ಯಾರಿಗೋ ಏನೋ ಕೊಟ್ಟರೆ ತಡೆಯೋಕಾಗಲ್ಲ. ಲೈನ್ ಮನೆ (ಕೂಲಿಯವರ ಸಾಲುಮನೆ) ಹುಡುಗರು ನೋಡಿದರೆ ನಾಳೆ ಯಾರೂ ಮಾತು ಕೇಳಲ್ಲ ಅಂತ ಎದ್ದು ಹೊರಗೆ ಹೋಗ್ತೀನಿ.
– ಮೂಡಿಗೆರೆ ಕಡೆಯವನು

ರೈಟರೇ, ನಿಮ್ಮ ಜಾತಿಯವರು ಬಹಳ ಜನ ಇದ್ದೀರಿ. ಕೆಟ್ಟದ್ದು ಬರುತ್ತೆ ಅಂತ ಗಂಡಸು ಮೊದಲೇ ಮೈ ಗಟ್ಟಿ ಮಾಡಿಕೊಂಡು ಕೂತಿರುತ್ತಾನೆ, ಸಾವಿನ ಸೀನು ಬಂದರೆ ತಡೆದುಕೊಳ್ಳುತ್ತಾನೆ. ಒಳ್ಳೆಯದು ಬಂದರೆ ತಡೆಯಲಿಕ್ಕೆ ತಯಾರಿಯೇ ಇರುವುದಿಲ್ಲ.

ನಮ್ಮ ಗೊರೂರಿನವರೇ ಆದ ರಾಮಸ್ವಾಮಿ ಅಯ್ಯಂಗಾರ್ ಅವರ ಕತೆಯಿಂದ ಬಂದ 'ಭೂತಯ್ಯನ ಮಗ ಅಯ್ಯು' ನೋಡಿದ್ದೀರಾ? 1974ರದು. ಜಿಪುಣ ಅಪ್ಪ, ಹಗೆ ಹೊತ್ತ ಗುಳ್ಳ, ಕೋರ್ಟು, ಕಚೇರಿ. ಆಮೇಲೆ ಊರನ್ನೇ ಮುಳುಗಿಸುವ ಪ್ರವಾಹ, ಹಗೆ ಕರಗಿ ಎರಡು ಮನೆ ಒಂದಾಗುವುದು. ಲೋಕೇಶ್, ವಿಷ್ಣುವರ್ಧನ್ ಇಬ್ಬರೂ ಪೈಪೋಟಿಗೆ ಬಿದ್ದು ಮಾಡಿದ್ದಾರೆ. ಹಾಗೇ 1985ರ 'ಬೆಟ್ಟದ ಹೂವು'. ಕಾಡಿನ ಹೂವು ತಂದು ಮಾರಿ, 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಕಾಸಿಗೆ ಕಾಸು ಕೂಡಿಡುವ ಹುಡುಗ ಕೊನೆಗೆ ಆ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಪುನೀತ್‌ಗೆ ಅದಕ್ಕೇ ಬಾಲನಟ ರಾಷ್ಟ್ರ ಪ್ರಶಸ್ತಿ ಬಂದದ್ದು. ಮಲೆನಾಡಿನ ಚಳಿಯಲ್ಲಿ ಕಂಬಳಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಓದುವ ಆಸೆಯನ್ನು ಮನೆಗಾಗಿ ಬದಿಗಿಟ್ಟ ಎಷ್ಟು ಜನ ನಿಮ್ಮ ಎಸ್ಟೇಟಿನಲ್ಲೇ ಇರಬೇಡ. ನೀವು ರೈಟರ್ ಆಗುವ ಮುಂಚೆ ಏನಾಗಬೇಕು ಅಂತಿದ್ದಿರಿ? ಉತ್ತರ ನನಗೆ ಬರೆಯಬೇಡಿ, ಸುಮ್ನೆ ಕೇಳಿದೆ.

ಎದ್ದು ಹೊರಗೆ ಹೋಗಬೇಡಿ. ಲೈನ್ ಮನೆ ಹುಡುಗರಿಗೆ ಆಗಲೇ ಗೊತ್ತಿರುತ್ತದೆ. ರೈಟರ್ ಅತ್ತ ಮಾರನೇ ದಿನವೂ ಮಸ್ಟರ್ ರೋಲಿನಲ್ಲಿ ಹಾಜರಿ ಹಾಕುವವರು ನೀವೇ, ಯಾರು ಮಾತು ಕೇಳುವುದಿಲ್ಲ ನೋಡೋಣ!

*

ಅಣ್ಣಾ, 'ಗಂಧದ ಗುಡಿ' ನೋಡುವಾಗ ಜೋರಾಗಿ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಫ್ರೆಂಡ್ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ. ಕಾಲೇಜಲ್ಲಿ ಈಗಲೂ 'ಅಳುಮುಂಜಿ' ಅಂತಾರೆ.
– 21 ವರ್ಷ, ಚನ್ನರಾಯಪಟ್ಟಣ

ಅಪ್ಪು ಹೋದದ್ದು 2021ರ ಅಕ್ಟೋಬರ್ 29, ಬರೀ 46 ವರ್ಷ. ಮರುವರ್ಷ ಮಾರ್ಚ್ 17ಕ್ಕೆ, ಹುಟ್ಟುಹಬ್ಬದ ದಿನ 'ಜೇಮ್ಸ್' ಬಂತು. ಡಬ್ಬಿಂಗ್ ಮುಗಿಸುವ ಮುಂಚೆಯೇ ಅವರು ಹೋಗಿದ್ದರಿಂದ ಧ್ವನಿ ಶಿವಣ್ಣನದು. ಪರದೆ ಮೇಲೆ ತಮ್ಮನ ಮುಖ, ಸ್ಪೀಕರಿನಲ್ಲಿ ಅಣ್ಣನ ದನಿ. ಫೈಟ್ ಸಿನಿಮಾ ಅದು, ಅಳಿಸಲಿಕ್ಕೆ ಮಾಡಿದ್ದೇ ಅಲ್ಲ. ಆಮೇಲೆ ಅಕ್ಟೋಬರ್‌ನಲ್ಲಿ 'ಗಂಧದ ಗುಡಿ'. ಅದರಲ್ಲಿ ಅವರು ಪಾತ್ರವನ್ನೂ ಮಾಡಿಲ್ಲ, ಅವರಾಗೇ ಕಾಡು ಸುತ್ತಿದ್ದಾರೆ, ಹಾವಿಗೆ ಹೆದರಿದ್ದಾರೆ, ನಕ್ಕಿದ್ದಾರೆ. ಅದನ್ನು ನೋಡಿ ಅಳದೆ ಇದ್ದವರನ್ನು ಕೇಳಬೇಕು, ಅತ್ತವರನ್ನಲ್ಲ. ಅವರ ಕಣ್ಣುಗಳು ನಾಲ್ಕು ಜನಕ್ಕೆ ಬೆಳಕು ಕೊಟ್ಟವು, ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲು ನಿಂತರು. ಕೆಲವು ಅಳು ಹೀಗೂ ಕೆಲಸಕ್ಕೆ ಬರುತ್ತದೆ.

ಆ ನಿನ್ನ ಫ್ರೆಂಡ್ ವಿಷಯ. ಕತ್ತಲಲ್ಲಿ ಕೂತವನ ಮುಖಕ್ಕೆ ಮೊಬೈಲ್ ಹಿಡಿಯುವುದು ಕೆಟ್ಟ ಕೆಲಸ. ಟಾಕೀಸಿನ ಕತ್ತಲೆ ಇರುವುದೇ ಅದಕ್ಕೆ. ನಾವು ಆಪರೇಟರುಗಳು ಅಳುವ ಸಿನಿಮಾ ಮುಗಿದಾಗ 'ಶುಭಂ' ಬಂದ ತಕ್ಷಣ ಲೈಟ್ ಹಾಕುತ್ತಿರಲಿಲ್ಲ. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈ ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ದೀಪ ಆರಿಸಲಿಕ್ಕೆ. ಕಿಂಡಿಯಿಂದ ನೋಡುವುದು. ಶರ್ಟಿನ ತೋಳು, ಟವೆಲ್ಲು, ಪಂಚೆ ತುದಿ ಎಲ್ಲ ಮುಖದಿಂದ ಕೆಳಗೆ ಇಳಿದ ಮೇಲೆ ಲೈಟು. ನನ್ನ ಗುರುಗಳು ಹೇಳಿಕೊಟ್ಟದ್ದು ಅದು. ಗೇಟ್ ಕೀಪರ್ ಬಾಗಿಲು ತೆರೆಯುವುದೂ ಆಮೇಲೆ. ಈಗ ಮಲ್ಟಿಪ್ಲೆಕ್ಸಿನಲ್ಲಿ ಹೆಸರುಗಳು ಓಡುತ್ತಿದ್ದ ಹಾಗೆ ಝಗ್ ಅಂತ ಲೈಟ್ ಹಾಕಿ ಪೊರಕೆ ಹಿಡಿದು ಬರುತ್ತಾರೆ.

ಅವನಿಗೆ ಒಂದೇ ಮಾತು ಹೇಳು: "ಅಳಿಸು." ವಿಡಿಯೊವನ್ನು.

*

ಅಪ್ಪನ ಜೊತೆ ನನಗೆ ಮಾತೇ ಇಲ್ಲ, ಜಗಳವೂ ಇಲ್ಲ. "ಊಟ ಆಯ್ತಾ", "ಹ್ಞೂಂ", ಅಷ್ಟೇ. ದಸರಾ ರಜೆಗೆ ಊರಿಗೆ ಬರ್ತಿದೀನಿ. ಇಬ್ಬರೂ ಕೂತು ನೋಡೋಕೆ ಒಂದು ಸಿನಿಮಾ ಹೇಳಿ.
– ಸಕಲೇಶಪುರದವನು, ಈಗ ಬೆಂಗಳೂರು

'ಗೋಧಿ ಬಣ್ಣ ಸಾಧಾರಣ ಮೈಕಟ್ಟು', 2016, ಹೇಮಂತ್ ರಾವ್. ಮರೆವಿನ ಕಾಯಿಲೆಯ ಅಪ್ಪ ಅನಂತ್ ನಾಗ್, ದೂರದ ಊರಿನಲ್ಲಿ ಕೆಲಸ ಹಿಡಿದು ಅಪ್ಪನ ಮೇಲೆ ಸಿಡುಕುವ ಮಗ ರಕ್ಷಿತ್ ಶೆಟ್ಟಿ. ಅಪ್ಪ ಕಳೆದುಹೋಗುತ್ತಾರೆ. ಕಾಣೆಯಾದವರ ಪೋಸ್ಟರಿಗೆ ಬರೆಸಲು ಹೋದಾಗ ಮಗನಿಗೆ ಅಪ್ಪನ ಬಗ್ಗೆ ಹೇಳಲಿಕ್ಕೆ ಮೈಬಣ್ಣ, ಮೈಕಟ್ಟು ಬಿಟ್ಟರೆ ಏನೂ ಇಲ್ಲ. ಹುಡುಕುತ್ತಾ ಹುಡುಕುತ್ತಾ ಬೇರೆಯವರ ಬಾಯಿಂದ ಅಪ್ಪ ಯಾರು ಅಂತ ಗೊತ್ತಾಗುತ್ತದೆ.

ಸಿನಿಮಾದ ದೊಡ್ಡ ಅನುಕೂಲ ಏನೆಂದರೆ ಇಬ್ಬರೂ ಒಂದೇ ಕಡೆ ನೋಡಬಹುದು, ಎದುರಾಬದುರು ಕೂರಬೇಕಾಗಿಲ್ಲ. ಅಪ್ಪ ಅತ್ತರೆ ತಿರುಗಿ ನೋಡಬೇಡಿ. ಮುಗಿದ ತಕ್ಷಣ "ಹೇಗಿತ್ತಪ್ಪಾ?" ಅಂತಲೂ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ 2015ರಲ್ಲಿ ಒಂದು ಅಧ್ಯಯನ ಮಾಡಿದರು, 60 ಜನಕ್ಕೆ ಅಳುವ ಸಿನಿಮಾ ತೋರಿಸಿ. ಅತ್ತವರ ಮನಸ್ಸು ಮುಗಿದ ಕೂಡಲೇ ಇನ್ನೂ ಭಾರವಾಗಿತ್ತು. 20 ನಿಮಿಷಕ್ಕೆ ಮಾಮೂಲಿಗೆ ಬಂತು, ಒಂದೂವರೆ ಗಂಟೆ ಆದ ಮೇಲೆ ನೋಡುವುದಕ್ಕೆ ಮುಂಚೆ ಇದ್ದದ್ದಕ್ಕಿಂತ ಹಗುರಾಗಿತ್ತು. ಅಂದರೆ ಏಳು ಗಂಟೆಗೆ ಸಿನಿಮಾ ಮುಗಿದರೆ ಎಂಟೂವರೆಗೆ ಊಟಕ್ಕೆ ಕೂತಾಗ ಮಾತು ತೆಗೆಯಿರಿ. ಅಪ್ಪ ಕೆಲಸಕ್ಕೆ ಸೇರಿದ ಮೊದಲ ಊರು ಯಾವುದು ಅಂತ ಶುರು ಮಾಡಿ, ಅದಕ್ಕೆ ಯಾವ ಅಪ್ಪನೂ "ಹ್ಞೂಂ" ಅಂತ ಉತ್ತರ ಕೊಡಲಾರ.

*

ಮನೆಯವಳು ಹೋಗಿ ಎರಡು ವರ್ಷವಾಯಿತು. ಅವಳಿಗೆ ಇಷ್ಟವಾಗಿದ್ದ 'ಮುತ್ತಿನ ಹಾರ' ಸಿನಿಮಾ ಹಾಕಿಕೊಂಡು ಕೂರುತ್ತೇನೆ, ಅಳು ಬರುತ್ತದೆ. ಮಕ್ಕಳು ರಿಮೋಟ್ ಬಚ್ಚಿಡುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?
– ಆಲೂರು

ತಪ್ಪಲ್ಲ ಯಜಮಾನರೇ. ಕೊಡಗಿನ ಯೋಧ, ಅವನ ಹೆಂಡತಿ, ಕಳೆದುಕೊಂಡ ಮಗ, ಆ ಮೇಲೆ ಬಾಲಮುರಳಿಯವರ ದನಿಯಲ್ಲಿ ಆ ಹಾಡು. ಜೊತೆಗಾತಿ ಪಕ್ಕದಲ್ಲಿದ್ದವರಿಗೇ ತಡೆಯುವುದು ಕಷ್ಟ. ಮಕ್ಕಳೇ, ಇದನ್ನು ಓದುತ್ತಿದ್ದರೆ ರಿಮೋಟ್ ವಾಪಸ್ ಕೊಡಿ. ಒಂದಿನ ನೀವೂ ಪಕ್ಕದಲ್ಲಿ ಕೂತು ನೋಡಿ, ಅಮ್ಮ ಯಾವ ಸೀನಿಗೆ ಏನು ಹೇಳುತ್ತಿದ್ದಳು ಅಂತ ಅಪ್ಪನನ್ನೇ ಕೇಳಿ.

ಒಂದು ವಿಷಯ ಮಾತ್ರ ಗಮನಿಸಿ. ಸಿನಿಮಾ ಮುಗಿದ ಮೇಲೆ ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ, ಬೆಳಿಗ್ಗೆ ಎದ್ದು ತೋಟದ ಕಡೆ ಹೋಗಬೇಕು ಅನ್ನಿಸುತ್ತಿದೆಯಾ? ಅದ್ಯಾವುದೂ ಇಲ್ಲದೆ ದಿನವೆಲ್ಲ ಹಾಗೇ ಕಳೆಯುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ತಡ ಮಾಡದೆ, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ.

*

ಯಾವ ಸಿನಿಮಾಗೂ ನನಗೆ ಅಳು ಬರಲ್ಲ. ಹೆಂಡತಿ 'ಕಲ್ಲು' ಅಂತಾಳೆ. ಏನು ಮಾಡಲಿ?
– ಕೊಪ್ಪ

ಏನೂ ಮಾಡಬೇಡಿ. ಕೆಲವರಿಗೆ ಬರುವುದಿಲ್ಲ. ನಮ್ಮ ಟಾಕೀಸಿನ ಗೇಟ್ ಕೀಪರ್ ಒಬ್ಬ ಹಾಗೇ ಇದ್ದ, ನೂರು ದಿನ ಓಡಿದ ಸೆಂಟಿಮೆಂಟ್ ಸಿನಿಮಾದಲ್ಲೂ ಬಾಗಿಲ ಪಕ್ಕ ಕಡ್ಲೆಕಾಯಿ ಬಿಡಿಸುತ್ತಾ ನಿಂತಿರುತ್ತಿದ್ದ. ಆದರೆ ಅಳುತ್ತಾ ಹೊರಗೆ ಬಂದ ಮುದುಕರಿಗೆಲ್ಲ ಮೆಟ್ಟಿಲು ಇಳಿಯಲು ಕೈ ಕೊಡುತ್ತಿದ್ದವನೂ ಅವನೇ. ಹೆಂಡತಿ ಅಳುವಾಗ ಕರ್ಚೀಫ್ ಕೊಡಿ, "ಇದು ಬರೀ ಆಕ್ಟಿಂಗ್ ಕಣೇ" ಅನ್ನಬೇಡಿ. ಅವರು ಕಲ್ಲು ಅಂತಿರುವುದು ಆ ಮಾತಿಗೇ ಇರಬೇಕು.

(ಮುಂದಿನ ಸಂಚಿಕೆಗೆ ವಿಷಯ: ಇಂಟರ್ವಲ್ ತಿಂಡಿ. ಟಾಕೀಸಿನ ಹೊರಗೆ ನೀವು ತಿಂದದ್ದರಲ್ಲಿ ಮರೆಯಲಾಗದ್ದು ಯಾವುದು, ಬರೆಯಿರಿ. ಮಸಾಲೆ ಪುರಿಗೆ ಜಾಗ ಆಗಲೇ ಕಾದಿರಿಸಿದೆ.)